ಮೂರು ಕಂಪ್ಯೂಟರ್, ಒಂದೇ ಕೋಡ್: ವಾರ್ನಿಂಗ್ ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಹೇಗೆ?

ಪ್ರಶ್ನೆ: ನಾನು ಶಿರಸಿಯವನು. ಕುಮಟಾ ಮತ್ತು ಕಾರವಾರದ ಇಬ್ಬರು ಗೆಳೆಯರ ಜೊತೆ ಸೇರಿ ಅಡಿಕೆ ವಖಾರಿಗಳಿಗೆ ತೂಕದ ಪ್ರೋಗ್ರಾಂ ಬರೆಯುತ್ತಿದ್ದೇನೆ. ಸಿ ಭಾಷೆಯಲ್ಲಿದೆ. ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕ ಓದಿ, ದರ ಹಾಕಿ, ಚೀಟಿ ಮುದ್ರಿಸುತ್ತದೆ. ಕೊನೆಗೆ ಓಡಬೇಕಾದದ್ದು ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರ್ ಮೇಲೆ, ಅದರಲ್ಲಿ 32 ಬಿಟ್ ಓಎಸ್ ಇದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ (ಉಬುಂಟು 22.04) ಕೋಡ್ ಕಂಪೈಲ್ ಆಗುತ್ತದೆ. ಕುಮಟಾದ ಗೆಳೆಯನ ಫೆಡೋರಾ 40ರಲ್ಲಿ ಎರರ್ ಬಂದು ನಿಲ್ಲುತ್ತದೆ. ಕಾರವಾರದವನ ಹತ್ತಿರ ಇರುವ ಪೈನಲ್ಲಿ ಕಂಪೈಲ್ ಆಗುತ್ತದೆ, ಆದರೆ ದೊಡ್ಡ ಚೀಲ ಇಟ್ಟಾಗ ಮೊತ್ತ ತಪ್ಪು ಬರುತ್ತದೆ. ವಾರ್ನಿಂಗ್ ಅಂತೂ ಪರದೆ ತುಂಬ ಬರುತ್ತವೆ, ಓದುವುದನ್ನೇ ಬಿಟ್ಟಿದ್ದೇವೆ. ಇದನ್ನೆಲ್ಲ ತಾನಾಗಿ ನೋಡಿ ಹೇಳುವ ಟೂಲ್ ಇದೆಯಾ? ದುಡ್ಡು ಕೊಟ್ಟು ಕೊಳ್ಳುವ ಸ್ಥಿತಿ ನಮ್ಮದಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್ ಎರಡನ್ನೂ ನಂಬುವ ಹಾಗಿಲ್ಲ.

ಉತ್ತರ: ಟೂಲ್ ಇದೆ. ಅದರ ಮುಖ್ಯ ಭಾಗ ಈಗಾಗಲೇ ನಿಮ್ಮ ಮೂವರ ಹತ್ತಿರವೂ ಇದೆ: ಕಂಪೈಲರ್, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡಿಕೊಡುವ ಟೂಲ್. ಅದನ್ನು ಪ್ರತಿ ಸಲ ಒಂದೇ ರೀತಿ ಓಡಿಸಿ, ನಿನ್ನೆ ಇಲ್ಲದ ವಾರ್ನಿಂಗ್ ಇವತ್ತು ಬಂದರೆ ನಿಮ್ಮನ್ನು ತಡೆದು ನಿಲ್ಲಿಸುವ ಒಂದು ಚಿಕ್ಕ ಸ್ಕ್ರಿಪ್ಟ್ ಸೇರಿಸಿದರೆ ನಿಮ್ಮ ಅರ್ಧ ಕೆಲಸ ಆಯಿತು. ಉಳಿದ ಅರ್ಧ, ಅಂದರೆ ಈಗಿರುವ ರಾಶಿಯನ್ನು ಖಾಲಿ ಮಾಡುವುದು, ನೀವೇ ಕೂತು ಮಾಡಬೇಕಾದದ್ದು. ಅದನ್ನು ಯಾವ ಟೂಲೂ ಮಾಡಿಕೊಡುವುದಿಲ್ಲ.

ಮೊದಲು ಕುಮಟಾದ ಎರರ್ ನೋಡೋಣ. ನಿಮ್ಮ ಉಬುಂಟು 22.04ರಲ್ಲಿ ಬರುವುದು ಜಿಸಿಸಿ ಎಂಬ ಕಂಪೈಲರ್‌ನ 11ನೇ ಆವೃತ್ತಿ. ಫೆಡೋರಾ 40ರಲ್ಲಿ ಇರುವುದು ಜಿಸಿಸಿ 14. 2024ರ ಮೇ ತಿಂಗಳಲ್ಲಿ ಬಂದ ಈ 14ನೇ ಆವೃತ್ತಿ ಸಿ ಭಾಷೆಯ ಕೆಲವು ಹಳೆಯ ವಾರ್ನಿಂಗ್‌ಗಳನ್ನು ನೇರ ಎರರ್ ಮಾಡಿತು. ಅದರಲ್ಲಿ ಎಲ್ಲರೂ ಎಡವುವುದು ಒಂದರಲ್ಲಿ: ಘೋಷಣೆ ಮಾಡದ ಫಂಕ್ಷನ್ ಕರೆಯುವುದು. ಹೆಡರ್ (ಫಂಕ್ಷನ್‌ಗಳ ಘೋಷಣೆ ಇರುವ ಫೈಲ್) ಸೇರಿಸಲು ಮರೆತು ಒಂದು ಫಂಕ್ಷನ್ ಕರೆದರೆ, ಹಳೆಯ ಜಿಸಿಸಿ ‘ಇದು ಇಂಟ್ (ಪೂರ್ಣಾಂಕ) ಕೊಡುವ ಫಂಕ್ಷನ್ ಇರಬೇಕು’ ಎಂದು ಊಹಿಸಿ, ಒಂದು ವಾರ್ನಿಂಗ್ ಕೊಟ್ಟು, ಮುಂದೆ ಹೋಗುತ್ತಿತ್ತು. ಸಿ ಭಾಷೆಯ 1999ರ ಮಾನದಂಡವೇ ಈ ಊಹೆಯನ್ನು ತೆಗೆದುಹಾಕಿದೆ. ಕಂಪೈಲರ್‌ಗಳು ಹಳೆಯ ಕೋಡ್ ಮೇಲಿನ ಕರುಣೆಯಿಂದ ಇಷ್ಟು ವರ್ಷ ಬಿಟ್ಟುಕೊಟ್ಟಿದ್ದವು. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ 2023ರಲ್ಲಿ ಬಂದ ತನ್ನ 16ನೇ ಆವೃತ್ತಿಯಲ್ಲೇ ಇದನ್ನು ಎರರ್ ಮಾಡಿತ್ತು.

ಇದರಿಂದ ಆಗುವ ನಷ್ಟ ಚಿಕ್ಕದಲ್ಲ. ದರ ಹುಡುಕಿ ಕೊಡುವ ನಿಮ್ಮ ಫಂಕ್ಷನ್ ನಿಜವಾಗಿ ಡಬಲ್ (ದಶಮಾಂಶ ಸಂಖ್ಯೆ) ಕೊಡುತ್ತದೆ ಎಂದುಕೊಳ್ಳಿ. ಕರೆಯುವ ಕಡೆ ಹೆಡರ್ ಇಲ್ಲ. ಕಂಪೈಲರ್ ಇಂಟ್ ಎಂದು ನಂಬಿ ಪ್ರೊಸೆಸರ್‌ನೊಳಗಿನ ಬೇರೆ ಜಾಗದಿಂದ (ರಿಜಿಸ್ಟರ್‌ನಿಂದ) ಉತ್ತರ ಓದುತ್ತದೆ. ಬರುವುದು ಏನೋ ಒಂದು ಸಂಖ್ಯೆ. ಹಾಗಾಗಿ ಕುಮಟಾದ ಕಂಪ್ಯೂಟರ್ ಕೆಟ್ಟಿಲ್ಲ. ನಿಮ್ಮದು ಇಷ್ಟು ದಿನ ವಾರ್ನಿಂಗ್ ರೂಪದಲ್ಲಿ ಹೇಳುತ್ತಿದ್ದುದನ್ನೇ ಅದು ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದೆ. ಈ ಎರರ್‌ಗಳನ್ನು ಮತ್ತೆ ವಾರ್ನಿಂಗ್ ಮಾಡಲು ‘ಎಫ್-ಪರ್ಮಿಸಿವ್’ ಎಂಬ ಆಯ್ಕೆಯಿದೆ. ಹಳೆಯ ದೊಡ್ಡ ಕೋಡ್ ಇಟ್ಟುಕೊಂಡವರಿಗೆ ಅದು ಆಸರೆ. ನೀವು ಅದರ ತಂಟೆಗೆ ಹೋಗಬೇಡಿ, ಹೆಡರ್ ಸೇರಿಸಿ.

(ಆಯ್ಕೆಗಳ ಹೆಸರು ಟೈಪ್ ಮಾಡುವಾಗ ಮುಂದೆ ಒಂದು ಡ್ಯಾಶ್ ಹಾಕಬೇಕು. ಇಲ್ಲಿ ಓದಲು ಸುಲಭವಾಗಲೆಂದು ಹೆಸರಿನ ನಡುವೆ ಹಾಕಿದ ಡ್ಯಾಶ್ ಬೇಡ. ‘ಡಬ್ಲ್ಯೂ’ ದೊಡ್ಡಕ್ಷರದಲ್ಲಿರಬೇಕು.)

ಈಗ ಯಂತ್ರದ ತಪಾಸಣೆ. ಇದನ್ನು ಅತಿ ದೊಡ್ಡ ಮಟ್ಟದಲ್ಲಿ ಮಾಡುತ್ತಿರುವುದು ಲಿನಕ್ಸ್ ಓಎಸ್‌ನ ತಿರುಳಾದ ಕರ್ನಲ್ ಬರೆಯುವವರು. ಇಂಟೆಲ್ ಕಂಪನಿ ನಡೆಸುವ ‘ಕರ್ನಲ್ ಟೆಸ್ಟ್ ರೋಬಾಟ್’ ಎಂಬ ವ್ಯವಸ್ಥೆ ಹೊಸದಾಗಿ ಬರುವ ಬದಲಾವಣೆಗಳನ್ನು ಎತ್ತಿಕೊಂಡು, ಬೇರೆ ಬೇರೆ ಪ್ರೊಸೆಸರ್‌ಗಳಿಗೆ, ಬೇರೆ ಬೇರೆ ಸೆಟ್ಟಿಂಗ್‌ಗಳಲ್ಲಿ, ಜಿಸಿಸಿ ಮತ್ತು ಕ್ಲ್ಯಾಂಗ್ ಎರಡರಲ್ಲೂ ಕಂಪೈಲ್ ಮಾಡಿ ನೋಡುತ್ತದೆ. ಹೊಸ ಎರರ್ ಅಥವಾ ವಾರ್ನಿಂಗ್ ಕಂಡರೆ ಅದು ಯಾವ ಕಮಿಟ್‌ನಿಂದ (ದಾಖಲಿಸಿದ ಒಂದು ಬದಲಾವಣೆಯಿಂದ) ಬಂತು ಎಂದು ಹುಡುಕಿ, ಬರೆದವರಿಗೇ ಮೇಲ್ ಹಾಕುತ್ತದೆ.

ಆ ಮೇಲ್‌ನಲ್ಲಿ ಏನೇನು ಇರುತ್ತದೆ ಎಂಬುದನ್ನು ನೀವು ಗಮನಿಸಬೇಕು. ಯಾವ ಕಮಿಟ್, ಯಾವ ಕಾನ್ಫಿಗರೇಷನ್, ಕಂಪೈಲರ್‌ನ ಯಾವ ಆವೃತ್ತಿ, ಅದೇ ಎರರ್ ನಿಮ್ಮ ಮನೆಯಲ್ಲೂ ಬರಬೇಕಾದರೆ ಯಾವ ಕಮಾಂಡ್ ಓಡಿಸಬೇಕು, ಎಲ್ಲ ಇರುತ್ತದೆ. ಆಮೇಲೆ ಹೊಸ ವಾರ್ನಿಂಗ್‌ನ ಸಾಲು. ಓದಿದವನಿಗೆ ‘ಇದು ನನ್ನದೇ, ಇವತ್ತಿನದೇ’ ಎಂದು ಗೊತ್ತಾಗುತ್ತದೆ. ಅದಕ್ಕೇ ಜನ ಸರಿಪಡಿಸುತ್ತಾರೆ. ನಿಮ್ಮ ಪರದೆಯಲ್ಲಿ ನೂರಾರು ಸಾಲು ಬಂದರೂ ಯಾರೂ ಮುಟ್ಟದೆ ಇರುವುದಕ್ಕೆ ಕಾರಣ, ಅದರಲ್ಲಿ ಯಾವುದು ಯಾರದು, ಯಾವಾಗಿನದು ಎಂದು ಗೊತ್ತಾಗದಿರುವುದು. ನೀವು ಯಾವ ಟೂಲ್ ಹಾಕಿಕೊಂಡರೂ ಸರಿ, ಹಳೆಯ ಸಂಖ್ಯೆ ಸೊನ್ನೆಗೆ ಇಳಿಯದಿದ್ದರೆ ಹೊಸ ವಾರ್ನಿಂಗ್ ಕಾಣುವುದೇ ಇಲ್ಲ.

ಹಾಗಾದರೆ ಸೊನ್ನೆಗೆ ತರೋಣ. ನೀವು ಅಂದುಕೊಂಡಷ್ಟು ಕಷ್ಟ ಇಲ್ಲ.

ಶುರುವಿಗೆ ಹಿಂದಿನ ಕಂಪೈಲ್‌ನಿಂದ ಉಳಿದ ಆಬ್ಜೆಕ್ಟ್ ಫೈಲ್‌ಗಳನ್ನೆಲ್ಲ ಅಳಿಸಿ, ಮೊದಲಿನಿಂದ ಕಂಪೈಲ್ ಮಾಡಿ. ಕಂಪೈಲ್ ಕೆಲಸ ನಡೆಸುವ ‘ಮೇಕ್’ ಟೂಲ್ ಬದಲಾದ ಫೈಲ್‌ಗಳನ್ನು ಮಾತ್ರ ಕಂಪೈಲ್ ಮಾಡುತ್ತದೆ. ಬದಲಾಗದ ಫೈಲ್‌ನ ವಾರ್ನಿಂಗ್ ಎರಡನೇ ಸಲ ಕಾಣುವುದೇ ಇಲ್ಲ. ‘ನಿನ್ನೆ ಇತ್ತು, ಇವತ್ತು ತಾನೇ ಹೋಯಿತು’ ಎಂದು ಸಮಾಧಾನಪಟ್ಟುಕೊಳ್ಳುವವರು ಬಹಳ ಜನ. ಒಂದು ಫೈಲ್‌ನಲ್ಲಿ ಎರರ್ ಬಂದರೂ ಉಳಿದವನ್ನು ನೋಡಲು ‘ಮೇಕ್’ಗೆ ‘ಕೆ’ ಆಯ್ಕೆ ಕೊಡಿ. ಬಂದದ್ದನ್ನೆಲ್ಲ ಒಂದು ಫೈಲ್‌ಗೆ ಬರೆಸಿಕೊಳ್ಳಿ.

ಆ ಫೈಲ್‌ನಲ್ಲಿ ಪ್ರತಿ ವಾರ್ನಿಂಗ್‌ನ ಕೊನೆಗೆ ಚೌಕ ಕಂಸದೊಳಗೆ ಅದರ ಜಾತಿಯ ಹೆಸರು ಇರುತ್ತದೆ: ಬಳಸದ ವೇರಿಯಬಲ್, ಪ್ರಿಂಟ್‌ಎಫ್ ಫಾರ್ಮ್ಯಾಟ್, ಹೀಗೆ. ವಖಾರಿಯಲ್ಲಿ ಚಾಲಿ, ಗೋಟು, ಕೋಕಾ ಬೇರೆ ಬೇರೆ ಆರಿಸಿ ಇಡುವ ಹಾಗೆ ಇವನ್ನೂ ಜಾತಿವಾರು ಆರಿಸಿ. ‘ಗ್ರೆಪ್’, ‘ಸಾರ್ಟ್’, ‘ಯುನಿಕ್’ ಈ ಮೂರು ಕಮಾಂಡ್ ಸೇರಿಸಿದರೆ ಒಂದೇ ಸಾಲಿನಲ್ಲಿ ಪಟ್ಟಿ ಸಿಗುತ್ತದೆ. ಜೊತೆಗೆ ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆ ಎರಡೂ ಒಂದೇ ಆಗಿರುವವನ್ನು ಒಂದು ಎಂದು ಎಣಿಸಿ. ನಿಮ್ಮದೇ ಒಂದು ಹೆಡರ್‌ನಲ್ಲಿ ತಪ್ಪಿದ್ದರೆ ಅದನ್ನು ಸೇರಿಸಿಕೊಂಡ ಪ್ರತಿ ಫೈಲ್‌ನಲ್ಲೂ ಅದೇ ವಾರ್ನಿಂಗ್ ಬರುತ್ತದೆ. ಹೀಗೆ ಎಣಿಸಿದರೆ ನಿಮ್ಮ ಪರದೆ ತುಂಬುವ ರಾಶಿ ಬಹಳ ಸಣ್ಣದಾಗುತ್ತದೆ.

ಯಾವುದು ಮೊದಲು? ಘೋಷಣೆ ಇಲ್ಲದ ಫಂಕ್ಷನ್, ಇಂಟ್ ಮತ್ತು ಪಾಯಿಂಟರ್ ಕಲಬೆರಕೆ, ಬೆಲೆ ತುಂಬದೆ ಬಳಸಿದ ವೇರಿಯಬಲ್, ಏನನ್ನೂ ಮರಳಿಸದೆ ಮುಗಿಯುವ ಫಂಕ್ಷನ್, ತಪ್ಪು ಫಾರ್ಮ್ಯಾಟ್. ಇವು ಓಡುವಾಗಲೇ ತೊಂದರೆ ಕೊಡುವ ಜಾತಿ. ಉಳಿದವು ಆಮೇಲೆ. ಆದರೆ ‘ಬಳಸದ ವೇರಿಯಬಲ್’ ಎಂಬುದನ್ನು ಹಗುರವಾಗಿ ನೋಡಬೇಡಿ. ನಿಮ್ಮ ಪ್ರೋಗ್ರಾಂ ಖಾಲಿ ಚೀಲದ ತೂಕವನ್ನು ಒಂದು ವೇರಿಯಬಲ್‌ಗೆ ಓದಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ‘ಬೆಲೆ ಕೊಟ್ಟಿದೆ, ಎಲ್ಲೂ ಬಳಸಿಲ್ಲ’ ಎಂದು ಕಂಪೈಲರ್ ಹೇಳಿದರೆ ಅದರ ಅರ್ಥ ಏನು? ಚೀಲದ ತೂಕವನ್ನು ಒಟ್ಟು ತೂಕದಿಂದ ಕಳೆಯುವ ಸಾಲು ಬರೆಯಲು ಮರೆತಿದ್ದೀರಿ. ಚೀಲದ ತೂಕಕ್ಕೂ ಅಡಿಕೆಯ ದರ ಬೀಳುತ್ತದೆ. ಇಂಥ ಸಾಲನ್ನು ‘ಬಳಸಿಲ್ಲವಲ್ಲ’ ಎಂದು ಸುಮ್ನೆ ಅಳಿಸಿಬಿಟ್ಟರೆ ತಪ್ಪು ಅಲ್ಲೇ ಉಳಿಯುತ್ತದೆ, ಅದನ್ನು ತೋರಿಸುತ್ತಿದ್ದ ಗುರುತು ಮಾತ್ರ ಹೋಗುತ್ತದೆ.

ಕಂಪೈಲರ್‌ನ ಬಾಯಿ ಮುಚ್ಚಿಸಲು ಕಾಸ್ಟ್ (ಒಂದು ಮಾದರಿಯ ಬೆಲೆಯನ್ನು ಬಲವಂತವಾಗಿ ಇನ್ನೊಂದು ಮಾದರಿ ಮಾಡುವುದು) ಹಾಕುವ ಅಭ್ಯಾಸವೂ ಹಾಗೇ. ಕಾಸ್ಟ್ ಹಾಕಿದರೆ ‘ನನಗೆ ಗೊತ್ತಿದ್ದೇ ಮಾಡಿದ್ದೇನೆ’ ಎಂದು ಕಂಪೈಲರ್‌ಗೆ ಮಾತು ಕೊಟ್ಟ ಹಾಗೆ. ನಿಜವಾಗಿ ಗೊತ್ತಿದ್ದರೆ ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ. ಬೇರೆಯವರು ಬರೆದ ಲೈಬ್ರರಿಯ ಹೆಡರ್‌ನಿಂದ ವಾರ್ನಿಂಗ್ ಬರುತ್ತಿದ್ದರೆ ಅದನ್ನು ತಿದ್ದಲು ಹೋಗಬೇಡಿ. ಆ ಫೋಲ್ಡರನ್ನು ‘ಐ’ ಬದಲು ‘ಐಸಿಸ್ಟಮ್’ ಆಯ್ಕೆಯಿಂದ ಸೇರಿಸಿದರೆ ಜಿಸಿಸಿ ಅದನ್ನು ಸಿಸ್ಟಂ ಹೆಡರ್ ಎಂದು ತಿಳಿದು ಬಿಟ್ಟುಬಿಡುತ್ತದೆ.

ಯಾವ ಆಯ್ಕೆಗಳು ಬೇಕು? ‘ಡಬ್ಲ್ಯೂ-ಆಲ್’ ಮತ್ತು ‘ಡಬ್ಲ್ಯೂ-ಎಕ್ಸ್‌ಟ್ರಾ’. ಹೆಸರಿನಲ್ಲಿ ‘ಆಲ್’ ಇದ್ದರೂ ಮೊದಲನೆಯದು ಎಲ್ಲ ವಾರ್ನಿಂಗ್ ಕೊಡುವುದಿಲ್ಲ, ಅದಕ್ಕೇ ಎರಡನೆಯದೂ ಬೇಕು. ಕ್ಲ್ಯಾಂಗ್‌ನಲ್ಲಿ ನಿಜವಾಗಿಯೂ ಎಲ್ಲವನ್ನೂ ಕೊಡುವ ‘ಡಬ್ಲ್ಯೂ-ಎವ್ರಿಥಿಂಗ್’ ಇದೆ. ಈಗ ಅದು ಬೇಡ. ಬೇಡದ್ದೂ ಸೇರಿ ಮತ್ತೆ ಓದದ ಸ್ಥಿತಿಗೆ ಬರುತ್ತೀರಿ. ತಪಾಸಣೆಯ ಕಂಪೈಲ್ ಮಾತ್ರ ‘ಓ2’ ಆಪ್ಟಿಮೈಸೇಷನ್ (ಪ್ರೋಗ್ರಾಂ ವೇಗವಾಗಿ ಓಡುವಂತೆ ಕಂಪೈಲರ್ ಮಾಡುವ ಸುಧಾರಣೆ) ಜೊತೆ ಮಾಡಿ, ಇದು ಮುಖ್ಯ. ಬೆಲೆ ತುಂಬದ ವೇರಿಯಬಲ್ ಬಗ್ಗೆ ಹೇಳಲು ಜಿಸಿಸಿ ಕೋಡ್‌ನ ಹರಿವನ್ನು ಹಿಂಬಾಲಿಸಿ ನೋಡಬೇಕು. ಆಪ್ಟಿಮೈಸೇಷನ್ ಇಲ್ಲದಿದ್ದರೆ ಆ ಕೆಲಸ ಹೆಚ್ಚಿನಂಶ ನಡೆಯುವುದೇ ಇಲ್ಲ, ವಾರ್ನಿಂಗೂ ಬರುವುದಿಲ್ಲ.

ಕಂಪೈಲರ್‌ನ ಹೊಸ ಆವೃತ್ತಿಯಲ್ಲೂ ಕೋಡ್ ಓಡಿಸಿ ನೋಡಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಒಂದು ಹಿನ್ನೆಲೆ ಇದೆ. 2014ರ ಫೆಬ್ರವರಿಯಲ್ಲಿ ಆ್ಯಪಲ್ ತನ್ನ ಫೋನ್‌ಗಳಲ್ಲಿದ್ದ ಒಂದು ಭದ್ರತಾ ದೋಷವನ್ನು ತಿದ್ದಿತು. ಸುರಕ್ಷಿತ ಸಂಪರ್ಕದ ಸಹಿಯನ್ನು ಪರೀಕ್ಷಿಸುವ ಸಿ ಕೋಡ್‌ನಲ್ಲಿ ‘ಗೋ-ಟು ಫೇಲ್’ (ಅಂದರೆ ‘ಫೇಲ್ ಎಂಬ ಜಾಗಕ್ಕೆ ಹಾರು’) ಎಂಬ ಸಾಲು ತಪ್ಪಿ ಎರಡು ಸಲ ಬಿದ್ದಿತ್ತು. ಮೊದಲನೆಯದು ಇಫ್ ಷರತ್ತಿನ ಅಡಿ. ಎರಡನೆಯದು ಅದೇ ಅಂಚಿಗೆ ಸರಿಯಾಗಿ ಕೂತು ಅದರ ಜೊತೆಯದೇ ಎಂಬಂತೆ ಕಾಣುತ್ತಿತ್ತು, ಆದರೆ ಯಾವ ಷರತ್ತೂ ಇಲ್ಲದೆ ಪ್ರತಿ ಸಲ ಓಡುತ್ತಿತ್ತು. ಪರಿಣಾಮ, ಕೊನೆಯ ಪರೀಕ್ಷೆ ನಡೆಯದೆಯೇ ‘ಎಲ್ಲ ಸರಿ’ ಎಂಬ ಉತ್ತರ ಬರುತ್ತಿತ್ತು. ಆಗ ‘ಡಬ್ಲ್ಯೂ-ಆಲ್’ ಹಾಕಿದರೂ ಜಿಸಿಸಿ ಇದನ್ನು ಹೇಳುತ್ತಿರಲಿಲ್ಲ. 2016ರ ಜಿಸಿಸಿ 6ರಲ್ಲಿ, ಇಂಡೆಂಟ್ ಒಂದು ಹೇಳಿ ಅರ್ಥ ಇನ್ನೊಂದು ಆಗುವ ಜಾಗವನ್ನು ಹಿಡಿಯುವ ವಾರ್ನಿಂಗ್ ಬಂತು, ‘ಡಬ್ಲ್ಯೂ-ಆಲ್’ಗೇ ಸೇರಿತು. ಕೋಡ್ ಅದೇ ಇದ್ದರೂ ಹೊಸ ಕಂಪೈಲರ್ ಅದರಲ್ಲಿ ಹೊಸ ತಪ್ಪು ಕಾಣುತ್ತದೆ. ಹಾಗಾಗಿ ಕುಮಟಾದ ಫೆಡೋರಾ ನಿಮಗೆ ತೊಡಕಲ್ಲ, ನಿಮ್ಮ ಮೂರರಲ್ಲಿ ಅತಿ ಉಪಯೋಗದ ಕಂಪ್ಯೂಟರ್.

ಎಲ್ಲ ವಾರ್ನಿಂಗ್‌ಗಳನ್ನೂ ಎರರ್ ಮಾಡುವ ‘ಡಬ್ಲ್ಯೂ-ಎರರ್’ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯ: ತಪಾಸಣೆಯ ಸ್ಕ್ರಿಪ್ಟ್‌ನಲ್ಲಿ ಇರಲಿ, ಬೇರೆಯವರಿಗೆ ಕೊಡುವ ಮೇಕ್‌ಫೈಲ್‌ನಲ್ಲಿ ಬೇಡ. 2021ರ ಸೆಪ್ಟೆಂಬರ್‌ನಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕರ್ನಲ್ 5.15ಕ್ಕೆ ಇದನ್ನು ಎಲ್ಲರಿಗೂ ತಾನಾಗಿ ಅನ್ವಯವಾಗುವಂತೆ ಸೇರಿಸಿದರು. ಎಷ್ಟೋ ಜನರ ಬಿಲ್ಡ್ ನಿಂತುಹೋಯಿತು. ಕೆಲವೇ ದಿನಗಳಲ್ಲಿ ಅದನ್ನು ಪರೀಕ್ಷೆಗಾಗಿ ಮಾಡುವ ಬಿಲ್ಡ್‌ಗಳಿಗಷ್ಟೇ ತಾನಾಗಿ ಅನ್ವಯವಾಗುವ ಹಾಗೆ ಸಡಿಲಿಸಿದರು. ನಿಮ್ಮ ಕೋಡನ್ನು ಎರಡು ವರ್ಷದ ನಂತರ ಯಾರೋ ಹೊಸ ಕಂಪೈಲರ್‌ನಲ್ಲಿ ಹಾಕಿದಾಗ, ನೀವು ಕನಸಿನಲ್ಲೂ ಕಾಣದ ವಾರ್ನಿಂಗ್‌ಗೆ ಅವರ ಕೆಲಸ ನಿಲ್ಲಬಾರದು, ಅಲ್ವಾ?

ಇನ್ನು ನೆಟ್ ಮತ್ತು ಮಳೆ. ಮೊದಲ ತಪಾಸಣೆ ನಿಮ್ಮ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ನಡೆಯಲಿ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ಟೂಲ್‌ನಲ್ಲಿ ‘ಪ್ರಿ-ಪುಶ್’ ಎಂಬ ಹುಕ್ (ತಾನಾಗಿ ಓಡುವ ಸ್ಕ್ರಿಪ್ಟ್) ಇದೆ. ಕೋಡ್ ಹೊರಗೆ ಕಳಿಸುವ ಮುಂಚೆ ಗಿಟ್ ಅದನ್ನು ಓಡಿಸುತ್ತದೆ, ಅದು ಸೊನ್ನೆ ಬಿಟ್ಟು ಬೇರೆ ಉತ್ತರ ಕೊಟ್ಟರೆ ಪುಶ್ ನಿಲ್ಲುತ್ತದೆ. ಆ ಹುಕ್‌ನಿಂದ ನಿಮ್ಮ ಸ್ಕ್ರಿಪ್ಟ್ ಕರೆಯಿರಿ. ನೆಟ್ ಇರಲಿ ಬಿಡಲಿ, ಬೇಕೆಂದಾಗ ಸ್ಕ್ರಿಪ್ಟನ್ನು ಕೈಯಿಂದಲೂ ಓಡಿಸಬಹುದು. ಒಂದು ವಿಷಯ ನೆನಪಿಡಿ: ರೆಪೊಸಿಟರಿ (ಗಿಟ್‌ನಲ್ಲಿರುವ ಕೋಡ್ ಸಂಗ್ರಹ) ಕ್ಲೋನ್ ಮಾಡಿದಾಗ, ಅಂದರೆ ನಕಲು ತೆಗೆದಾಗ, ಹುಕ್‌ಗಳು ಜೊತೆಗೆ ಬರುವುದಿಲ್ಲ. ಅವನ್ನು ಕೋಡ್ ಜೊತೆಯಲ್ಲೇ ಒಂದು ಫೋಲ್ಡರ್‌ನಲ್ಲಿಟ್ಟು, ಮೂವರೂ ಒಮ್ಮೆ ಗಿಟ್‌ನ ‘ಕೋರ್ ಹುಕ್ಸ್‌ಪಾತ್’ ಸೆಟ್ಟಿಂಗ್‌ನಲ್ಲಿ ಆ ಫೋಲ್ಡರ್ ತೋರಿಸಿ.

ಎರಡನೇ ತಪಾಸಣೆ ಸರ್ವರ್‌ನಲ್ಲಿ. ಕೋಡ್ ಇಡುವ ತಾಣಗಳಾದ ಗಿಟ್‌ಹಬ್, ಗಿಟ್‌ಲ್ಯಾಬ್ ಎರಡರಲ್ಲೂ ಪುಶ್ ಆದ ತಕ್ಷಣ ಸ್ಕ್ರಿಪ್ಟ್ ಓಡಿಸುವ ಸೌಲಭ್ಯ ಉಚಿತವಾಗಿ ಇದೆ, ಖಾಸಗಿ ರೆಪೊಸಿಟರಿಗಳಿಗೆ ತಿಂಗಳ ಮಿತಿ ಇರುತ್ತದೆ. ನಿಮ್ಮಷ್ಟು ಚಿಕ್ಕ ಪ್ರೋಗ್ರಾಂಗೆ ಆ ಮಿತಿ ಧಾರಾಳ. ಜಿಸಿಸಿಯ ಬೇರೆ ಬೇರೆ ಆವೃತ್ತಿಗಳ ಡಾಕರ್ ಇಮೇಜ್‌ಗಳು (ಇಳಿಸಿಕೊಂಡು ಹಾಗೇ ಓಡಿಸುವ ಸಿದ್ಧ ಪೊಟ್ಟಣಗಳು) ಸಿಗುತ್ತವೆ. 11 ಮತ್ತು 14 ಎರಡರಲ್ಲೂ, ಜೊತೆಗೆ ಕ್ಲ್ಯಾಂಗ್‌ನಲ್ಲೂ ಅದೇ ಸ್ಕ್ರಿಪ್ಟ್ ಓಡಲಿ. ಎರಡೂ ಕಡೆ ಸ್ಕ್ರಿಪ್ಟ್ ಒಂದೇ ಇರಬೇಕು. ಸರ್ವರ್‌ನಲ್ಲಿ ಫೇಲ್ ಆದದ್ದನ್ನು ಶಿರಸಿಯಲ್ಲಿ ಕೂತು ನಿಮ್ಮ ಕಣ್ಣಿಂದ ನೋಡಲು ಆಗದಿದ್ದರೆ ಆ ವರದಿಯಿಂದ ಪ್ರಯೋಜನ ಕಡಿಮೆ.

ಕರೆಂಟಿಲ್ಲದೆ ವಾರಗಟ್ಟಲೆ ತಪಾಸಣೆ ತಪ್ಪಿ, ಆಮೇಲೆ ನೋಡಿದರೆ ಎಲ್ಲೋ ಒಂದು ವಾರ್ನಿಂಗ್ ಸೇರಿಕೊಂಡಿದೆ ಎಂದಾದರೆ ‘ಗಿಟ್ ಬೈಸೆಕ್ಟ್’ ಬಳಸಿ. ಚೆನ್ನಾಗಿದ್ದ ಒಂದು ಕಮಿಟ್, ಕೆಟ್ಟ ಒಂದು ಕಮಿಟ್ ತೋರಿಸಿದರೆ ಅರ್ಧರ್ಧ ಮಾಡುತ್ತಾ ಹುಡುಕುತ್ತದೆ. ನಡುವೆ ನೂರು ಕಮಿಟ್ ಇದ್ದರೂ ಏಳು ಸಲ ಕಂಪೈಲ್ ಮಾಡಿದರೆ ಸಾಕು.

ಕಾರವಾರದ ಪೈ ಬಗ್ಗೆ ಕೊನೆಗೆ ಬರುತ್ತೇನೆ, ಯಾಕೆಂದರೆ ನಿಮ್ಮ ನಿಜವಾದ ಅಪಾಯ ಅಲ್ಲಿದೆ. ಉಬುಂಟು, ಡೆಬಿಯನ್‌ನಲ್ಲಿ 32 ಬಿಟ್ ಆರ್ಮ್‌ಗೆ (ಪೈನಲ್ಲಿರುವ ಪ್ರೊಸೆಸರ್ ಜಾತಿ) ಕಂಪೈಲ್ ಮಾಡುವ ಕ್ರಾಸ್ ಕಂಪೈಲರ್ ಪ್ಯಾಕೇಜ್ ಇದೆ. ಅದನ್ನು ಹಾಕಿಕೊಂಡರೆ ಪೈ ಮುಂದೆ ಇಲ್ಲದಿದ್ದರೂ ಅದರ ವಾರ್ನಿಂಗ್‌ಗಳು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕಾಣುತ್ತವೆ. ಲ್ಯಾಪ್‌ಟಾಪ್‌ಗೆ ಸರಿ ಎನಿಸಿದ್ದು ಪೈಗೆ ತಪ್ಪಾಗುವ ಜಾಗಗಳು ಹಲವು. ಇಂಟೆಲ್ ಪ್ರೊಸೆಸರ್‌ನಲ್ಲಿ ಒಂದು ಅಕ್ಷರ ಇಡುವ ‘ಚಾರ್’ ಮೈನಸ್ ಬೆಲೆಯನ್ನೂ ಹಿಡಿಯುತ್ತದೆ, ಆರ್ಮ್ ಲಿನಕ್ಸ್‌ನಲ್ಲಿ ಹಿಡಿಯುವುದಿಲ್ಲ. ತಕ್ಕಡಿಯಿಂದ ಬರುವ ಅಕ್ಷರವನ್ನು ಚಾರ್‌ನಲ್ಲಿ ಓದಿ ‘ಇಒಎಫ್’ (ಓದುವುದು ಮುಗಿಯಿತು ಎಂಬ ಮೈನಸ್ ಬೆಲೆಯ ಗುರುತು) ಜೊತೆ ಹೋಲಿಸಿದರೆ, ಪೈನಲ್ಲಿ ಆ ಲೂಪ್ ಎಂದೂ ಮುಗಿಯುವುದಿಲ್ಲ. ಆರ್ಮ್ ಕಂಪೈಲರ್‌ಗೆ ‘ಡಬ್ಲ್ಯೂ-ಎಕ್ಸ್‌ಟ್ರಾ’ ಕೊಟ್ಟರೆ ‘ಈ ಹೋಲಿಕೆ ಯಾವಾಗಲೂ ನಿಜ’ ಎಂದು ಅದು ಹೇಳುತ್ತದೆ. ಇಂಟ್‌ನಲ್ಲಿ ಓದಿ, ಮುಗಿಯಿತು.

ಈಗ ನಿಮ್ಮ ತಪ್ಪು ಮೊತ್ತ. ತೂಕವನ್ನು ಗ್ರಾಂನಲ್ಲಿ, ದರವನ್ನು ಕ್ವಿಂಟಲ್‌ಗೆ ರೂಪಾಯಿಯಲ್ಲಿ, ಎರಡನ್ನೂ ‘ಲಾಂಗ್’ ಎಂಬ ಪೂರ್ಣಾಂಕ ಮಾದರಿಯಲ್ಲಿ ಇಟ್ಟು, ಗುಣಿಸಿ, ಆಮೇಲೆ ಒಂದು ಲಕ್ಷದಿಂದ ಭಾಗಿಸುತ್ತಿದ್ದರೆ ನೀವು ಹೇಳಿದ ತೊಂದರೆಯೇ ಬರುತ್ತದೆ. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಎಂದರೆ 64 ಬಿಟ್. ನಿಮ್ಮ ಪೈನಲ್ಲಿ 32 ಬಿಟ್, ಅದು ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ದರ 45,000 ಎಂದಿಟ್ಟುಕೊಳ್ಳಿ. 47 ಕಿಲೋ ಚೀಲಕ್ಕೆ ಗುಣಲಬ್ಧ 2,11,50,00,000, ಮಿತಿಯೊಳಗೆ ಇದೆ. 48 ಕಿಲೋಗೆ 2,16,00,00,000, ಮಿತಿ ದಾಟಿತು. 60 ಕಿಲೋ ಚೀಲಕ್ಕೆ 27,000 ರೂಪಾಯಿ ಬರಬೇಕಾದ ಜಾಗದಲ್ಲಿ ಸಾಮಾನ್ಯವಾಗಿ ಮೈನಸ್ 15,949 ಬರುತ್ತದೆ.

ಇದಕ್ಕೆ ‘ಡಬ್ಲ್ಯೂ-ಆಲ್’, ‘ಡಬ್ಲ್ಯೂ-ಎಕ್ಸ್‌ಟ್ರಾ’ ಎರಡೂ ಏನೂ ಹೇಳುವುದಿಲ್ಲ. ತೂಕ ಎಷ್ಟು ಬರುತ್ತದೆ ಎಂದು ಕಂಪೈಲರ್‌ಗೆ ಗೊತ್ತಿಲ್ಲವಲ್ಲ. ಇಲ್ಲಿ ಬೇರೆ ಟೂಲ್ ಬೇಕು. ಸಣ್ಣ ಮಾದರಿಯಲ್ಲಿ ಗುಣಿಸಿ ಫಲವನ್ನು ದೊಡ್ಡ ಮಾದರಿಗೆ ಹಾಕುವ ಜಾಗಗಳನ್ನು ಹಿಡಿಯುವ ಚೆಕ್ ಒಂದು, ಕೋಡ್ ಓದಿ ತಪ್ಪು ಹುಡುಕುವ ಕ್ಲ್ಯಾಂಗ್-ಟೈಡಿ ಎಂಬ ಟೂಲ್‌ನಲ್ಲಿದೆ. ಅದನ್ನು ನೀವೇ ಆನ್ ಮಾಡಬೇಕು, 32 ಬಿಟ್ ಆರ್ಮ್‌ಗೆ ಎಂದೂ ಹೇಳಬೇಕು. ಇನ್ನೊಂದು, ‘ಎಫ್-ಸ್ಯಾನಿಟೈಸ್’ ಆಯ್ಕೆಗೆ ‘ಅನ್‌ಡಿಫೈನ್ಡ್’ ಎಂದು ಕೊಟ್ಟು ಕಂಪೈಲ್ ಮಾಡಿ ಪೈನಲ್ಲೇ ಓಡಿಸುವುದು. ಆಗ ಗುಣಾಕಾರ ಮಿತಿ ದಾಟಿದ ಕ್ಷಣ, ಯಾವ ಫೈಲ್, ಎಷ್ಟನೇ ಸಾಲು, ಯಾವ ಎರಡು ಸಂಖ್ಯೆ ಎಂದು ಮುದ್ರಿಸುತ್ತದೆ. ಎರಡೂ ಉಚಿತ. ಇವೆರಡರಲ್ಲಿ ಒಂದೇ ಆಯ್ದುಕೊಳ್ಳುವುದಾದರೆ ನಾನು ಎರಡನೆಯದನ್ನು ಹೇಳುತ್ತೇನೆ.

ತಿದ್ದುವುದು ಸುಲಭ. ತೂಕದ ವೇರಿಯಬಲನ್ನು ‘ಇಂಟ್64_ಟಿ’ ಮಾಡಿ, ಆಗ ಗುಣಾಕಾರವೇ 64 ಬಿಟ್‌ನಲ್ಲಿ ನಡೆಯುತ್ತದೆ. ಫಲವನ್ನು ಮಾತ್ರ ದೊಡ್ಡದು ಮಾಡಿದರೆ ಸಾಲದು. ಮುದ್ರಿಸುವಾಗ ‘%ಎಲ್‌ಡಿ’ ಬಿಡಿ. ಲ್ಯಾಪ್‌ಟಾಪ್‌ನಲ್ಲಿ ಅದು ಸರಿ, 32 ಬಿಟ್ ಪೈನಲ್ಲಿ ತಪ್ಪು. ‘ಇಂಟ್‌ಟೈಪ್ಸ್’ ಹೆಡರ್‌ನಲ್ಲಿರುವ ‘ಪಿಆರ್‌ಐಡಿ64’ ಮ್ಯಾಕ್ರೊ ಬಳಸಿದರೆ ಎರಡೂ ಕಡೆ ಸರಿಯಾಗುತ್ತದೆ. ಆಮೇಲೆ ಮೂರು ಪರೀಕ್ಷೆಗಳನ್ನು ಸ್ಕ್ರಿಪ್ಟ್‌ಗೆ ಸೇರಿಸಿ, 45,000ದ ದರಕ್ಕೆ: 47 ಕಿಲೋಗೆ 21,150, 48 ಕಿಲೋಗೆ 21,600, 60 ಕಿಲೋಗೆ 27,000. ಕೊನೆಕೊಯ್ಲು ಶುರುವಾಗುವ ಮೊದಲು, ಇವು ಲ್ಯಾಪ್‌ಟಾಪ್‌ನಲ್ಲಷ್ಟೇ ಅಲ್ಲ, ಕಾರವಾರದ ಪೈನಲ್ಲೂ ಪಾಸಾಗಬೇಕು.